ದೇವದುರ್ಗದ ಜೀಪಿನ ಥಂಡಿ

ನಮ್ಮ ರಾಯಚೂರಿನವರಿಗೆ ಚಳಿ ತಡೆದುಕೊಂಡು ಅಭ್ಯಾಸವಿಲ್ಲ. ಡಿಸೆಂಬರಿನಲ್ಲಿ ಬೆಳಗ್ಗೆ ಒಂದಿಷ್ಟು ಗಾಳಿ ಬೀಸಿದರೆ ಊರಿಗೆ ಊರೇ ಮಂಕಿ ಕ್ಯಾಪ್ ಹಾಕಿಕೊಳ್ಳುತ್ತದೆ. ಅಂಥ ಒಂದು ಬೆಳಗ್ಗೆ ಶಿಕ್ಷಕರಿಗೆ ತರಬೇತಿ ಕೊಡಲು ದೇವದುರ್ಗದ ಜೀಪು ಹತ್ತಿದೆ. ಒಂಬತ್ತಕ್ಕೆ ನಾನು ಅಲ್ಲಿರಬೇಕು. ಇಂಜಿನ್ ಗುರುಗುಟ್ಟುತ್ತಿತ್ತು, ಜೀಪು ಮಾತ್ರ ಕದಲುತ್ತಿರಲಿಲ್ಲ.

"ಹೋಗೂಣೇನಪಾ?" ಎಂದೆ.

"ಥಂಡಿ ಭಾಳ ಅದ ಸರ್. ಇಂಜಿನ್ ಬಿಸಿ ಆಗ್ಬೇಕ್ರಿ," ಎಂದ ಡ್ರೈವರ್.

ಪಾಠ ಮಾಡುವ ಚಟ ನನ್ನದು. ಈಗಿನ ಇಂಜಿನ್‌ಗೆ ಅರ್ಧ ನಿಮಿಷ ಸಾಕು, ಆಮೇಲೆ ಸ್ವಲ್ಪ ದೂರ ಮೆಲ್ಲಗೆ ಓಡಿಸಿದರೆ ತಾನೇ ಬಿಸಿಯಾಗುತ್ತದೆ, ನಿಂತಲ್ಲೇ ಉರಿಸಿದರೆ ಡೀಸೆಲ್ ದಂಡ ಎಂದು ವಿವರಿಸಿದೆ.

"ಖರೇ ಅದ ಸರ್," ಎಂದು ಭಕ್ತಿಯಿಂದ ತಲೆಯಾಡಿಸಿದವನು ಕೆಳಗಿಳಿದು, "ದೇವದುರ್ಗ, ದೇವದುರ್ಗ, ಹೊಂಟೇ ಬಿಟ್ತು!" ಎಂದು ಕೂಗತೊಡಗಿದ.

ಪಕ್ಕದಲ್ಲಿ ಶಾಲು ಹೊದ್ದು ಕುಳಿತಿದ್ದ ಅಜ್ಜಿ ನನ್ನ ಮೊಣಕೈ ತಟ್ಟಿದಳು. "ಸುಮ್ನ ಕುಂದ್ರು ಯಪ್ಪಾ. ಇನ್ನಾ ಮೂರು ಸೀಟಿನ ಥಂಡಿ ಉಳದದ."

ಮೂರನೆಯವನು ಹತ್ತಿ ಬಾಗಿಲು ಎಳೆದುಕೊಂಡ ಕ್ಷಣವೇ ಇಂಜಿನ್ ಬಿಸಿಯಾಯಿತು. ನಾನು ತಲುಪುವಷ್ಟರಲ್ಲಿ ತರಬೇತಿಗೆ ಬಂದವರು ಎರಡನೇ ಸಲದ ಚಹಾ ಮುಗಿಸಿದ್ದರು.

ಮಧ್ಯಾಹ್ನ ಮರಳುವಾಗಲೂ ಅದೇ ಜೀಪು ಸಿಕ್ಕಿತು. ಬಿಸಿಲು ಚುರುಗುಟ್ಟುತ್ತಿತ್ತು, ಇಂಜಿನ್ ಆಗಲೂ ಗುರುಗುಟ್ಟುತ್ತಿತ್ತು.

"ಈಗ್ಯಾಕಪಾ?"

"ಬಿಸಲಾಗ ನಿಂತಿತ್ರಿ ಸರ್. ಜರಾ ತಂಪಾಗ್ಲಿ."

ಈ ಸಲ ನಾನು ಪಾಠ ಮಾಡಲಿಲ್ಲ. ಹಿಂದಕ್ಕೆ ತಿರುಗಿ ನೋಡಿದೆ. ಇಂಜಿನ್ ತಂಪಾಗಲು ಇನ್ನೂ ನಾಲ್ಕು ಜನ ಬೇಕಿತ್ತು.