ಗೊತ್ತಪ್ಪನ ಫ್ಲ್ಯಾಶು

ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು, ಅದು ಕಾಗದಪತ್ರಗಳಲ್ಲೇ ಉಳಿಯಿತು. ಬೀದಿಯವರ ಬಾಯಲ್ಲಿ ಅವನು ಗೊತ್ತಪ್ಪ. ಯಾರು ಯಾವ ಮಾತು ಎತ್ತಲಿ, ಅದು ಅರ್ಧಕ್ಕೆ ಬರುವ ಮೊದಲೇ ‘ಗೊತ್ತು ಗೊತ್ತು’ ಎಂದು ಕೈ ಬೀಸುವುದು ಅವನ ಹುಟ್ಟುಗುಣ. ಒಮ್ಮೆ ಎದೆನೋವೆಂದು ಆಸ್ಪತ್ರೆಗೆ ಹೋದವನು ಡಾಕ್ಟರಿಗೇ ತನ್ನ ಕಾಯಿಲೆಯ ಹೆಸರು ಹೇಳಿದ್ದ. ಕೊನೆಗೆ ಅದು ಬರೀ ವಾಯು ಎಂದು ತಿಳಿದ ಮೇಲೆ, ಪಾಪ ಆ ಡಾಕ್ಟರಿಗೆ ಅನುಭವ ಸಾಲದು ಎಂದು ಬೀದಿಯುದ್ದಕ್ಕೂ ಮರುಗಿದ್ದ.

ನೀರು ಸರಬರಾಜಿನ ಕಚೇರಿಯಲ್ಲಿ ಗುಮಾಸ್ತನಾಗಿದ್ದಷ್ಟು ಕಾಲ ಅವನ ತಿಳಿವಳಿಕೆಯೆಲ್ಲ ಅಲ್ಲಿಯವರ ತಲೆಯ ಮೇಲೆ ಸುರಿಯುತ್ತಿತ್ತು. ನಿವೃತ್ತಿಯಾದ ಮೇಲೆ ಮನೆಗೆ ಬಂತು. ಮನೆಯೆಂದರೆ ಹಿಂದೆ ಅಡುಗೆಮನೆ, ಮೇಲೆ ಮಲಗುವ ಕೋಣೆ, ಬೀದಿಗೆ ತೆರೆದುಕೊಂಡ ಮುಂಭಾಗದಲ್ಲಿ ಹೆಂಡತಿಯ ಹೊಲಿಗೆ ಅಂಗಡಿ. ಮೂರು ಮಿಷನ್ನು, ಒಂದು ಇಸ್ತ್ರಿ ಮೇಜು, ಬಟ್ಟೆ ಕತ್ತರಿಸುವ ಉದ್ದನೆಯ ಹಲಗೆ. ಗೋಡೆಗೆ ಗಿಣಿಹಸಿರು ಬಣ್ಣ. ಹೆಂಡತಿ ಬಿಳಿ ಸಾಕು ಎಂದಿದ್ದಳು. ಇಡೀ ದಿನ ಸೂಜಿ ನೋಡುವ ಕಣ್ಣಿಗೆ ಹಸಿರು ತಂಪು, ನಿನಗೇನು ಗೊತ್ತು ಎಂದು ತಾನೇ ಮುಂದೆ ನಿಂತು ಹೊಡೆಸಿದ್ದ. ಅಂದಿನಿಂದ ಗಿರಾಕಿಗಳು ಬಟ್ಟೆಯ ಬಣ್ಣ ನೋಡಬೇಕೆಂದರೆ ಹೊಸಿಲಿಗೆ ಹೋಗಿ ಬೆಳಕಿಗೆ ಹಿಡಿಯುವುದು ವಾಡಿಕೆಯಾಯಿತು. ಅವನ ಕಣ್ಣಿಗೆ ಅದು ಬೀಳಲೇ ಇಲ್ಲ.

ಅವಳು ಮಾತಿನವಳಲ್ಲ. ಬಾಯಲ್ಲಿ ಯಾವಾಗಲೂ ಒಂದೆರಡು ಗುಂಡುಪಿನ್ನು ಇರುತ್ತಿದ್ದುದರಿಂದ ಗಂಡನಿಗೆ ಉತ್ತರ ಕೊಡದಿರುವುದು ಅಭ್ಯಾಸವಾಗಿತ್ತು. ಉತ್ತರ ಕೊಡುವ ಕೆಲಸವನ್ನು ಅಂಗಡಿಯಲ್ಲಿ ಗುಂಡಿ ಹಾಕುವವಳು ವಹಿಸಿಕೊಂಡಿದ್ದಳು. ಆಕೆ ಅಂಗಡಿ ಶುರುವಾದಾಗಿನಿಂದ ಜೊತೆಗಿದ್ದವಳು. ಇವಳನ್ನು ಅಕ್ಕ ಎನ್ನುತ್ತಿದ್ದಳು, ಹಾಗಾಗಿ ಅವನು ಭಾವ. ಭಾವನೆಂದ ಮೇಲೆ ಚುಚ್ಚುವ ಹಕ್ಕೂ ಬಂತು.

ಒಂದು ದಿನ ದೊಡ್ಡ ಹೋಟೆಲೊಂದರಿಂದ ಫೋನು ಬಂತು. ಕೆಲಸಗಾರರಿಗೆಲ್ಲ ಹೊಸ ಸಮವಸ್ತ್ರ ಬೇಕಂತೆ. ಕೆನೆ ಬಣ್ಣದ ಅಂಗಿ, ಅಂಚಿಗೆ ತೆಳು ಕೆಂಪು ಪಟ್ಟಿ. ಒಂದು ಮಾದರಿ ಹೊಲಿದು, ಚೆನ್ನಾದ ಫೋಟೊ ತೆಗೆಸಿ ಕಳಿಸಿ, ನಮ್ಮ ಧಣಿಗಳು ಬೇರೆ ಊರಲ್ಲಿದ್ದಾರೆ, ಅವರು ನೋಡಿ ಒಪ್ಪಬೇಕು ಎಂದರು ಅಲ್ಲಿಯ ಮ್ಯಾನೇಜರಮ್ಮ. ಫೋನಿನಲ್ಲಿ ತೆಗೆದದ್ದು ಬೇಡ, ನಾವು ಅದನ್ನು ದೊಡ್ಡದಾಗಿ ಅಚ್ಚು ಹಾಕಿಸಬೇಕು ಎಂದೂ ಹೇಳಿದರು. ಸಿದ್ಧ ಉಡುಪಿನ ಅಂಗಡಿಗಳು ಬಂದ ಮೇಲೆ ಹೆಂಡತಿಯ ಒಂದು ಮಿಷನ್ನಿಗೆ ಆಗಲೇ ಮುಸುಕು ಬಿದ್ದಿತ್ತು. ಈ ಕೆಲಸ ಬಂದರೆ ಗುಂಡಿಯವಳು ಉಳಿಯುತ್ತಾಳೆ. ಬಾರದಿದ್ದರೆ ಇಷ್ಟು ವರ್ಷ ಜೊತೆಗಿದ್ದವಳನ್ನು ಕೂರಿಸಿಕೊಂಡು, ನಾಳೆಯಿಂದ ಬರಬೇಡ ಎನ್ನಬೇಕು. ಇಬ್ಬರಿಗೂ ಅದು ತಿಳಿದಿತ್ತು.

ಮೂಲೆಯ ಸ್ಟುಡಿಯೋದವನನ್ನು ಕರೆಸೋಣ ಎಂದಳು ಅವಳು. ಅಷ್ಟೇ ಸಾಕಾಯಿತು. ನಿವೃತ್ತಿಯಾದಾಗ ಕೊಂಡ ಕ್ಯಾಮೆರಾ ಬೀರುವಿನಿಂದ ಹೊರಗೆ ಬಂತು. ಮಾರನೆಯ ದಿನ ಅದರ ನೆತ್ತಿಗೆ ಸಿಕ್ಕಿಸುವ ದೊಡ್ಡ ಫ್ಲ್ಯಾಶ್ ಬಂತು. ಜೊತೆಗೆ ಸ್ಟ್ಯಾಂಡು, ಕ್ಯಾಮೆರಾವನ್ನೂ ಫ್ಲ್ಯಾಶನ್ನೂ ದೂರದಿಂದಲೇ ಮಾತಾಡಿಸುವ ಪುಟ್ಟ ಪೆಟ್ಟಿಗೆ, ಬೆಳಕು ಹರಡುವ ಬಿಳಿ ಕೊಡೆ. ಜೊತೆಗೆ ಬಂದ ಪುಸ್ತಕವನ್ನು ಅವನು ಬಿಡಿಸಲೂ ಇಲ್ಲ. ಅದು ಇಸ್ತ್ರಿ ಮೇಜಿನ ಅಲ್ಲಾಡುವ ಕಾಲಿನಡಿಗೆ ಹೋಯಿತು. ಅವನು ಕೊಂಡದ್ದರಲ್ಲಿ ಮೊದಲು ಉಪಯೋಗಕ್ಕೆ ಬಂದದ್ದು ಅದೇ.

ಅಷ್ಟಕ್ಕೇ ಬಿಟ್ಟನೇ? ಅವನ್ನು ಕೊಂಡು ತರುವ ದಾರಿಯಲ್ಲಿ ಸ್ಟುಡಿಯೋಗೆ ನುಗ್ಗಿ, ನಾಲ್ಕು ಜನ ಗಿರಾಕಿಗಳ ಎದುರಿಗೆ, ಒಂದು ಗುಂಡಿ ಒತ್ತುವುದಕ್ಕೆ ನೀವೆಲ್ಲ ಎಂಥ ಠೀವಿ ಮಾಡುತ್ತೀರಪ್ಪ ಎಂದು ನಕ್ಕು ಬಂದ.

ಮಾದರಿ ಅಂಗಿ ಗುಂಡಿಯವಳ ಮೈಗೇ ಹೊಂದಿತು. ಅವಳನ್ನು ನಿಲ್ಲಿಸಿ ಗೊತ್ತಪ್ಪ ಒಂದು ಕಣ್ಣು ಮುಚ್ಚಿದ. ಫಳಾರ್ ಎಂದು ಬೆಳಕು ಹಾರಿತು. ಬಂದ ಫೋಟೊದಲ್ಲಿ ಗುಂಡಿಯವಳು ತಲೆಯಿಂದ ಸೊಂಟದವರೆಗೆ ಇದ್ದಳು. ಅಲ್ಲಿಂದ ಕೆಳಗೆ ಕಾಡಿಗೆ ಬಳಿದ ಹಾಗೆ ಕಪ್ಪು. ಮತ್ತೆ ತೆಗೆದ, ಮತ್ತೆ ಅರ್ಧವೇ.

“ಭಾವ, ನಾನು ಪೂರ್ತಿ ನಿಂತಿದ್ದೀನಿ, ಕಾಣ್ತಿಲ್ವಾ?” ಎಂದಳು ಆಕೆ.

ಕ್ಯಾಮೆರಾದಲ್ಲೇ ದೋಷ ಎಂದು ತೀರ್ಪಾಯಿತು. ಮಾರಿದ ಅಂಗಡಿಯವನೊಂದಿಗೆ ಫೋನಿನಲ್ಲಿ ಜಗಳವೂ ಆಯಿತು. ಆ ಕಡೆಯವನು ಏನೋ ವಿವರಿಸಲು ಹೊರಟದ್ದು ಹೆಂಡತಿಯ ಕಿವಿಗೂ ಬಿತ್ತು. ಗಂಡ ‘ಗೊತ್ತು ಗೊತ್ತು’ ಎಂದು ಫೋನಿಟ್ಟದ್ದೂ ಬಿತ್ತು.

ಸಿಟ್ಟಿನಲ್ಲಿ ತಿರುಪುಗಳನ್ನೆಲ್ಲ ಅತ್ತ ಇತ್ತ ತಿರುವಿದ ಮೇಲೆ ಹೇಗೋ ಕಪ್ಪು ಹೋಯಿತು. ಹೇಗೆ ಹೋಯಿತೆಂದು ಅವನಿಗೂ ತಿಳಿಯದು. ಈಗ ಗುಂಡಿಯವಳು ಪೂರ್ತಿ ಬಂದಳು, ಆದರೆ ಸುಣ್ಣದ ಡಬ್ಬಿಯಲ್ಲಿ ಅದ್ದಿ ತೆಗೆದವಳಂತೆ. ಕೆನೆ ಬಣ್ಣ ಎಲ್ಲೂ ಇಲ್ಲ, ಕೆಂಪು ಪಟ್ಟಿ ಎಲ್ಲೋ ಇದೆ, ಹಿಂದಿನ ಗೋಡೆಯ ಮೇಲೆ ಅವಳಿಗಿಂತ ದಪ್ಪನೆಯ ನೆರಳು. ಕಣ್ಣು ಎರಡೂ ಮುಚ್ಚಿತ್ತು. ಆಕೆಯ ಮುಖದಲ್ಲೇ ಏನೋ ಎಣ್ಣೆಯಂಶವಿದೆ ಎಂದ ಅವನು.

“ಅಂಗೀಲೂ ಎಣ್ಣೆ ಇದ್ಯಾ ಭಾವ?”

ಆ ರಾತ್ರಿ ಫೋನಿನಲ್ಲಿ ಯಾವುದೋ ವಿಡಿಯೋದ ತುದಿ ನೋಡಿದನಂತೆ. ಮೊದಲಿನಿಂದ ನೋಡುವುದು ಗೊತ್ತಿಲ್ಲದವರ ಕೆಲಸವಲ್ಲವೇ. ಫ್ಲ್ಯಾಶಿನ ಬೆಳಕನ್ನು ನೆಟ್ಟಗೆ ಬಿಡಬಾರದು, ಗೋಡೆಗೆ ಬಡಿದು ವಾಪಸು ಬಂದರೆ ಅದು ಮೆತ್ತಗಾಗುತ್ತದೆ ಎಂಬುದು ಅದರ ಸಾರ. ಮಾತು ಸರಿಯೇ. ಬೆಳಗ್ಗೆ ಫ್ಲ್ಯಾಶಿನ ತಲೆಯನ್ನು ಪಕ್ಕದ ಗೋಡೆಗೆ ತಿರುಗಿಸಿ ಹೊಡೆದ. ನೆರಳು ಮಾಯವಾಯಿತು, ಮುಖದ ಸುಣ್ಣ ಇಳಿಯಿತು, ಬಟ್ಟೆಯ ನಿರಿಗೆ ಕೂಡ ಕಂಡಿತು. ಗೊತ್ತಪ್ಪ ಕ್ಯಾಮೆರಾದ ಪುಟ್ಟ ತೆರೆಯನ್ನು ಹೆಂಡತಿಯ ಮೂಗಿನ ಹತ್ತಿರ ಹಿಡಿದು, ಹೇಗಿದೆ ಎಂಬಂತೆ ಹುಬ್ಬು ಹಾರಿಸಿದ. ಅವಳು ಕನ್ನಡಕ ಹಾಕಿಕೊಳ್ಳುವ ಮೊದಲೇ ಹೋಟೆಲಿಗೆ ಕಳಿಸಿಯೂ ಆಗಿತ್ತು.

ಮ್ಯಾನೇಜರಮ್ಮನ ಫೋನು ಮಧ್ಯಾಹ್ನದೊಳಗೆ ಬಂತು. ದನಿ ಗಡುಸಾಗಿತ್ತು.

“ನಾವು ಕೆನೆ ಬಣ್ಣ ಅಂದಿದ್ವಿ. ನೀವು ಹಸಿರು ಹೊಲಿದಿದ್ದೀರ. ಆ ಹೆಂಗಸಿಗೂ ಮೈಗೆ ಹುಷಾರಿಲ್ವಾ?”

ತಾನು ಹೊಲಿದದ್ದು ಕೆನೆ ಬಣ್ಣವೇ ಎಂದು ಹೆಂಡತಿ ಎಷ್ಟು ಹೇಳಿದರೂ ಆ ಕಡೆಯ ದನಿ ಇಳಿಯಲಿಲ್ಲ. ಕೊನೆಗೆ, ನಾಳೆ ಸಂಜೆಯೊಳಗೆ ಸರಿಯಾದದ್ದು ಬಂದರೆ ನೋಡುತ್ತೇವೆ, ಇಲ್ಲವಾದರೆ ಬೇರೆಯವರಿದ್ದಾರೆ ಎಂದರು. ಗೊತ್ತಪ್ಪ ಪಕ್ಕದಲ್ಲೇ ನಿಂತು ಆ ಮ್ಯಾನೇಜರಮ್ಮನಿಗೆ ಕಣ್ಣಿನ ದೋಷವಿರಬೇಕು ಎಂದ. ಅವನ ಹಿಂದೆ ಗಿಣಿಹಸಿರು ಗೋಡೆ ನಿಂತಿತ್ತು. ಗುಂಡಿಯವಳು ಗೋಡೆ ನೋಡಿದಳು, ಫೋಟೊ ನೋಡಿದಳು, ಭಾವನನ್ನು ನೋಡಿದಳು. ಆಮೇಲೆ ತನ್ನ ಸೂಜಿಡಬ್ಬಿಯಲ್ಲಿದ್ದ ಸ್ವಂತ ಕತ್ತರಿಯನ್ನು ಒರೆಸಿ ಚೀಲಕ್ಕೆ ಹಾಕಿಕೊಂಡಳು.

ಆ ಕತ್ತರಿ ಚೀಲಕ್ಕೆ ಹೋದದ್ದನ್ನು ನೋಡಿ ಹೆಂಡತಿ ಬಾಯಲ್ಲಿದ್ದ ಪಿನ್ನುಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ಚಪ್ಪಲಿ ಮೆಟ್ಟಿ ನೇರ ಸ್ಟುಡಿಯೋಗೆ ಹೋದಳು.

ಸ್ಟುಡಿಯೋದವನೇನು ದೇವರಂಥವನಲ್ಲ. ಕೂದಲಿಗೆ ಬಣ್ಣ ಬಳಿದು, ಎದೆಯ ಮೇಲಿನ ಒಂದು ಗುಂಡಿ ಸದಾ ಬಿಚ್ಚಿಟ್ಟುಕೊಳ್ಳುವ ಆಸಾಮಿ. ಅವಮಾನವನ್ನು ಬಚ್ಚಿಟ್ಟು ಸವಿಯುವವನು. ಆರಾಮವಾಗಿ ಎಲ್ಲ ಕೇಳಿಸಿಕೊಂಡು, ಬರುವುದಕ್ಕೇನು ಅಡ್ಡಿಯಿಲ್ಲ ತಾಯಿ, ನಿಮ್ಮ ಯಜಮಾನರು ಇಲ್ಲಿಗೆ ಬಂದು, ನನಗೆ ಬರೋದಿಲ್ಲ ಅಂತ ಒಂದು ಮಾತು ಹೇಳಲಿ ಎಂದ. ಅವರ ಕ್ಯಾಮೆರಾದಲ್ಲೇ ತೆಗೆಸುತ್ತೇನೆ, ನನಗೆ ಕಾಸೂ ಬೇಡ ಎಂದ. ಅವನಿಗೆ ಬೇಕಾದದ್ದು ಅದೊಂದೇ ಮಾತು.

ಅವಳು ಮನೆಗೆ ಬಂದು ಅದನ್ನು ಇದ್ದ ಹಾಗೇ ಹೇಳಿದಳು. ಗಂಡ ನಕ್ಕ. ಆಮೇಲೆ ಸಿಟ್ಟು ಮಾಡಿದ. ಆಮೇಲೆ ಕೊಡೆ ಬಿಚ್ಚಿ, ಮುಚ್ಚಿ, ಮತ್ತೆ ಬಿಚ್ಚಿದ. ಅವಳು ಹೊಲಿಯಲು ಕೂರಲಿಲ್ಲ. ಆ ಹೊತ್ತಿನಲ್ಲಿ ಅಂಗಡಿ ಮಿಷನ್ನಿನ ಸದ್ದಿಲ್ಲದೆ ಇದ್ದದ್ದನ್ನು ಅವನು ಎಂದೂ ಕಂಡಿರಲಿಲ್ಲ.

“ರೀ, ಅವಳನ್ನ ನಾಳೆ ಯಾರು ಕಳಿಸ್ತಾರೆ? ನೀವೇ ಹೇಳಿ ಕಳಿಸಿ. ನಿಮಗೆ ಎಲ್ಲಾ ಗೊತ್ತಲ್ಲ, ಅದು ಹೇಗೆ ಹೇಳೋದು ಅಂತಾನೂ ಗೊತ್ತಿರುತ್ತೆ.”

ಗುಂಡಿಯವಳು ತಲೆ ಎತ್ತಲಿಲ್ಲ. ಗೊತ್ತಪ್ಪ ಬಾಯಿ ತೆರೆದ. ಅದರಿಂದ ಎಂದಿನ ಮಾತು ಬರಲಿಲ್ಲ. ಕ್ಯಾಮೆರಾ ಚೀಲ ಹೆಗಲಿಗೇರಿಸಿ ಹೊರಟ.

ಸ್ಟುಡಿಯೋದಲ್ಲಿ ಏನು ನಡೆಯಿತೆಂದು ಆಗ ಅಲ್ಲಿದ್ದು ಆಮೇಲೆ ಅಂಗಡಿಗೆ ಬಂದ ಗಿರಾಕಿಗಳೇ ಹೇಳಿದರು. ಗೊತ್ತಪ್ಪ ಮೊದಲು ಹವಾಮಾನದ ಮಾತಾಡಿದನಂತೆ. ಗೋಡೆಯ ಮೇಲಿನ ಫೋಟೊಗಳಲ್ಲಿ ತಪ್ಪು ಹುಡುಕಿದನಂತೆ. ಸ್ಟುಡಿಯೋದವನು ಮಸೂರ ಒರೆಸುತ್ತಲೇ ಇದ್ದನಂತೆ. ಕೊನೆಗೆ ಗಂಟಲು ಸರಿಮಾಡಿಕೊಂಡು, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ, “ನನಗೆ ಗೊತ್ತಾಗ್ತಿಲ್ಲ, ಹೇಳಿಕೊಡಿ” ಎಂದನಂತೆ. ಕೇಳಿಸಲಿಲ್ಲ ಎಂದನಂತೆ ಸ್ಟುಡಿಯೋದವನು. ಗೊತ್ತಪ್ಪ ಇನ್ನೊಮ್ಮೆ ಹೇಳಿದನಂತೆ.

ಮಾರನೆಯ ಬೆಳಗ್ಗೆ ಸ್ಟುಡಿಯೋದವನು ಬಂದು ಗೋಡೆ ನೋಡಿ, ಇದನ್ನು ಯಾರು ಆರಿಸಿದ್ದು ಎಂದು ಕೇಳಿದ. ಉತ್ತರಕ್ಕೆ ಅವನು ಕಾಯಲಿಲ್ಲ. ಒಳಪದರಕ್ಕೆ ಇಟ್ಟಿದ್ದ ಬಿಳಿ ಬಟ್ಟೆಯ ಥಾನು ಕೇಳಿ, ಹಸಿರು ಮುಚ್ಚುವಂತೆ ಇಳಿಬಿಡಿಸಿದ. ಬೆಳಕು ಯಾವ ಬಣ್ಣಕ್ಕೆ ತಗಲುತ್ತದೋ ಆ ಬಣ್ಣ ಹೊತ್ತುಕೊಂಡೇ ಬರುತ್ತದೆ ಎಂದ. ಕ್ಯಾಮೆರಾ ಕಣ್ಣು ಮಿಟುಕಿಸುವ ವೇಗ ಜಾಸ್ತಿಯಾದರೆ ಫ್ಲ್ಯಾಶ್ ಹಾರುವಾಗ ಒಳಗಿನ ಪರದೆ ಅರ್ಧ ಅಡ್ಡ ಬಂದಿರುತ್ತದೆ, ಅದಕ್ಕೇ ಅವತ್ತು ಅರ್ಧ ಕಪ್ಪು ಎಂದು ವೇಗ ಇಳಿಸಿ ತೋರಿಸಿದ. ಫ್ಲ್ಯಾಶನ್ನು ಕ್ಯಾಮೆರಾದ ನೆತ್ತಿಯಿಂದ ಇಳಿಸಿ, ಸ್ಟ್ಯಾಂಡಿಗೇರಿಸಿ, ಬಿಳಿ ಬಟ್ಟೆಯ ಕಡೆ ತಿರುಗಿಸಿ, ಅದರ ಬಲವನ್ನು ಕಾಲು ಭಾಗಕ್ಕಿಂತಲೂ ಕಡಿಮೆ ಮಾಡಿಸಿದ. ತಾನು ಮಾತ್ರ ಕ್ಯಾಮೆರಾ ಮುಟ್ಟಲಿಲ್ಲ. ಎಲ್ಲವನ್ನೂ ಗೊತ್ತಪ್ಪನ ಕೈಯಲ್ಲೇ ಮಾಡಿಸಿದ. ಗೊತ್ತಪ್ಪ ಶಾಲೆಗೆ ತಡವಾಗಿ ಸೇರಿದವನಂತೆ ತಲೆಯಾಡಿಸುತ್ತ ಮಾಡಿದ. ಎರಡು ಸಲ ನಾಲಿಗೆಯ ತುದಿಗೆ ‘ಗೊತ್ತು’ ಬಂದದ್ದನ್ನು ಹೆಂಡತಿ ಗುರುತಿಸಿದಳು. ಎರಡು ಸಲವೂ ನುಂಗಿಕೊಂಡ.

ಫೋಟೊದಲ್ಲಿ ಅಂಗಿ ಕೆನೆಯಾಗಿಯೇ ಬಂತು. ಕೆಂಪು ಪಟ್ಟಿಯ ಹೊಲಿಗೆ ಎಳೆ ಎಳೆಯಾಗಿ ಕಂಡಿತು. ಗುಂಡಿಯವಳು ತನ್ನನ್ನು ತಾನು ಬಹಳ ಹೊತ್ತು ನೋಡಿ, “ಅಯ್ಯೋ, ನಾನು ಹೀಗೇನಾ ಇರೋದು? ಪರವಾಗಿಲ್ವಲ್ಲ” ಎಂದಳು.

ಸಂಜೆಯ ಹೊತ್ತಿಗೆ ಹೋಟೆಲಿನವರು ಒಪ್ಪಿದರು. ಕತ್ತರಿ ಚೀಲದಿಂದ ವಾಪಸು ಡಬ್ಬಿಗೆ ಬಂತು. ಮೂರನೆಯ ಮಿಷನ್ನಿನ ಮುಸುಕನ್ನು ಹೆಂಡತಿ ತೆಗೆದು ಕೊಡವಿದಳು.

ಅವನು ಬದಲಾದ ಎಂದುಕೊಂಡರೆ ಅದು ನಿಮ್ಮ ಒಳ್ಳೆಯತನ. ವಾರ ಕಳೆಯುವ ಮೊದಲೇ, ಅಳತೆ ಕೊಡಲು ಬಂದ ಯಾರೋ ಹುಡುಗಿಯ ಎದುರು, ಬೆಳಕು ಯಾವ ಬಣ್ಣಕ್ಕೆ ತಗಲುತ್ತದೋ ಆ ಬಣ್ಣ ಹೊತ್ತು ಬರುತ್ತದಮ್ಮ, ಇದು ಬಹಳ ಜನಕ್ಕೆ ತಿಳಿಯದು, ಸ್ಟುಡಿಯೋದವರಿಗೂ ತಿಳಿಯದು ಎಂದು ಪಾಠ ಶುರುವಾಗಿತ್ತು. ಹೆಂಡತಿ ಮಿಷನ್ನು ನಿಲ್ಲಿಸಿ, ಹಾಗಾದರೆ ಈ ಗೋಡೆಗೆ ಬಿಳಿ ಹೊಡೆಸೋಣವೇ ಎಂದು ಕೇಳಿದಳು.

“ನಾನು ಅವತ್ತೇ ಬಿಳಿ ಅಂತ ಬಡ್ಕೊಂಡೆ. ನೀವುಗಳು ಎಲ್ಲಿ ಕೇಳಿದ್ರಿ?” ಎಂದ ಗೊತ್ತಪ್ಪ.

ಗುಂಡಿಯವಳು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಕಣ್ಸನ್ನೆ ಮಾಡಿ ತಡೆದಳು. ಆಮೇಲೆ ಬಾಯಲ್ಲಿ ಪಿನ್ನು ಇಟ್ಟುಕೊಂಡು, ಬಣ್ಣ ಹೊಡೆಯುವವನಿಗೆ ಫೋನು ಮಾಡು ಎಂಬಂತೆ ಆಕೆಗೆ ಫೋನಿನ ಕಡೆ ಬೆರಳು ತೋರಿಸಿದಳು.