ಭಾವನ ಮಿಷನ್

ಬಸವರಾಜೇಶ್ವರಿ ನೆಮ್ಮದಿಯಾಗಿ ಕೂತು ಉಂಡದ್ದನ್ನು ಪಕ್ಕದ ಮನೆಯವಳಾದ ನಾನು ಕಂಡಿಲ್ಲ. ಭದ್ರಾವತಿಯ ನಮ್ಮ ಬೀದಿಯಲ್ಲಿ ಆಕೆಯ ಚಟ್ನಿಪುಡಿಗೆ ಹೆಸರಿದೆ. ಆದರೆ ಬೀಸಿಕೊಳ್ಳಬೇಕಾದದ್ದು ಭಾವ ಏಕಾಂತಪ್ಪನ ಗಿರಣಿಯಲ್ಲಿ, ಅದೂ ಅವನ ಗಿರಾಕಿಗಳೆಲ್ಲ ಹೋದ ಮೇಲೆ. ಹುರಿದ ಶೇಂಗಾ ಡಬ್ಬಿಯಲ್ಲಿ ಮೆತ್ತಗಾಗುತ್ತಿದ್ದರೆ ಆಕೆ ಮನೆಗೂ ಗಿರಣಿಗೂ ಅಲೆಯುತ್ತಿದ್ದಳು. ಏಕಾಂತಪ್ಪ ಆಕೆಯಿಂದ ಒಂದು ಕಾಸೂ ಮುಟ್ಟಿದವನಲ್ಲ. "ತಮ್ಮನ ಹೆಂಡ್ತಿ, ನಾವಲ್ದೆ ಇನ್ಯಾರು ನೋಡ್ಕೋಬೇಕು" ಎಂದು ಬೀದಿಗೆಲ್ಲ ಸಾರುತ್ತಿದ್ದ, ಅಷ್ಟೇ. ಕೇಳಿ ನನಗೇ ಮೈ ಉರಿಯುತ್ತಿತ್ತು. ಇನ್ನು ಆಕೆಗೆ ಹೇಗಾಗುತ್ತಿತ್ತೋ.

ಕೊನೆಗೆ ಸ್ವಂತ ಮಿಷನ್ ಇಡಲೇಬೇಕೆಂದು ಹಟ ಹಿಡಿದಳು. ಶಿವಮೊಗ್ಗದ ದುರ್ಗಿಗುಡಿಯ ಬ್ಯಾಂಕಿಗೆ ನನ್ನನ್ನೂ ಎಳೆದುಕೊಂಡು ಹೋದಳು. ಸಾಲ ನೋಡಿಕೊಳ್ಳುವ ಶ್ರೀಗೌರಿ ಎಂಬ ಹುಡುಗಿ, ಈ ಸಾಲಕ್ಕೆ ಸರ್ಕಾರವೇ ಜಾಮೀನು ನಿಲ್ಲುತ್ತದೆ ಎಂದಳು.

"ಹಾಗಾದ್ರೆ ನಮ್ಮ ಭಾವನ ಸಹಿ ಬೇಡ್ವಾ?"

"ಯಾರದ್ದೂ ಬೇಡಮ್ಮ. ಜಾಗ ನೋಡೋಕೆ ನಾನೇ ಬರ್ತೀನಿ."

ಬರುತ್ತಾಳೆ ಎಂದದ್ದೇ ತಡ, ಆಕೆಯ ನಿದ್ದೆ ಹಾರಿಹೋಯಿತು. ಮಿಷನ್ ಇಡಬೇಕೆಂದಿದ್ದ ಮುಂದಿನ ಕೋಣೆಯಲ್ಲಿ ಸುಣ್ಣ ಬಳಿದ ಗೋಡೆ ಬಿಟ್ಟರೆ ಏನೂ ಇಲ್ಲ. ಗುಡಿಸಿದ್ದನ್ನೇ ಗುಡಿಸಿದಳು, ಬಾಗಿಲಿಗೆ ಬಂದು ಬಂದು ಇಣುಕಿದಳು. ನಮ್ಮಲ್ಲಿ ಹೆಣ್ಣು ನೋಡಲು ಬರುವ ದಿನ ಅಕ್ಕಪಕ್ಕದ ಕುರ್ಚಿಗಳನ್ನೆಲ್ಲ ತಂದು ನಡುಮನೆ ತುಂಬಿಸುತ್ತಾರೆ. ಏಕಾಂತಪ್ಪನೂ ಅದನ್ನೇ ಮಾಡಿದ. "ಖಾಲಿ ಕೋಣೆ ತೋರಿಸಿದ್ರೆ ನಮ್ಮ ಮನೆ ಮರ್ಯಾದೆ ಏನಾಗ್ಬೇಕು" ಎಂದು ತನ್ನ ಸಣ್ಣ ಮಿಷನ್ನನ್ನು ಗಾಡಿಯಲ್ಲಿ ಹೇರಿಸಿ ಕಳಿಸಿಯೇಬಿಟ್ಟ. ಹೆದರಿದ್ದ ಆಕೆಗೂ ಅದು ಸರಿಯೆನಿಸಿತು.

ಶ್ರೀಗೌರಿ ಬಂದವಳು ಮಿಷನ್ನನ್ನು ಸುತ್ತ ನೋಡಿದಳು.

"ಮಿಷನ್ ಇದ್ಯಲ್ಲಮ್ಮ. ಮತ್ತೆ ಸಾಲ ಯಾಕೆ?"

ಬಾಗಿಲಲ್ಲಿದ್ದ ಏಕಾಂತಪ್ಪನೇ ಮುಂದೆ ಬಂದ. "ನಮ್ದೇ ಮೇಡಂ, ಎಲ್ಲ ಒಂದೇ ಮನೆ. ಜಾಮೀನಿಗೂ ನಾನೇ ಸಹಿ ಹಾಕ್ತೀನಿ, ಎಲ್ಲಿ ಹಾಕ್ಬೇಕು ಹೇಳಿ."

"ಇದು ನಂದಲ್ಲ ಮೇಡಂ," ಎಂದಳು ಬಸವರಾಜೇಶ್ವರಿ. "ನೀವು ಬರ್ತೀರಂತ ತಂದಿಟ್ಟಿದ್ದು. ಭಾವ, ನಿಮ್ಮ ಸಹಿ ಬೇಡ, ಸರ್ಕಾರನೇ ಜಾಮೀನು ನಿಲ್ಲುತ್ತೆ. ನಿಮ್ಮ ಋಣ ಸಾಕು ಅಂತಾನೇ ನಾನು ಬ್ಯಾಂಕಿಗೆ ಹೋಗಿದ್ದು."

ಇಷ್ಟು ವರ್ಷ ನುಂಗಿಕೊಂಡದ್ದು ಒಂದೇ ಮಾತಿನಲ್ಲಿ ಹೊರಬಿತ್ತು. ನನಗೆ ಒಳಗೊಳಗೇ ಖುಷಿಯಾಯಿತು. ಆದರೆ ಏಕಾಂತಪ್ಪನ ಮುಖ ನೋಡಿದಾಗ ಪಾಪ ಎನಿಸಿದ್ದೂ ನಿಜ.

ಏಕಾಂತಪ್ಪ ಮಿಷನ್ನನ್ನು ಮತ್ತೆ ಗಾಡಿಗೆ ಹೇರಿಸಿದ ಮೇಲೆ ಶ್ರೀಗೌರಿ ಖಾಲಿ ಕೋಣೆಯ ಫೋಟೋ ತೆಗೆದುಕೊಂಡಳು. ಸಾಲ ಸಿಗುತ್ತದೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಗಾಡಿಯ ಹಿಂದೆ ಹೊರಟ ಏಕಾಂತಪ್ಪ ತಿರುಗಿ ನೋಡದೆ ಅಂದ: "ಇನ್ನು ನಮ್ಮ ಗಿರಣಿಗೆ ಬರೋದು ಬೇಡಮ್ಮ. ನಿಂಗೆ ಸರ್ಕಾರನೇ ಇದೆಯಲ್ಲ."

ಮದುವೆ ಮನೆಯೊಂದಕ್ಕೆ ಒಪ್ಪಿಕೊಂಡ ಪುಡಿಗಾಗಿ ಎಲ್ಲ ಹುರಿದಿಟ್ಟಾಗಿತ್ತು. ಏಕಾಂತಪ್ಪನಿಗೆ ಬೇಸರವಾದೀತೆಂದು ನಮ್ಮ ಬೀದಿಯ ಆಸುಪಾಸಿನ ಯಾವ ಗಿರಣಿಯವನೂ ಬೀಸಿಕೊಡಲಿಲ್ಲ. ಮರುದಿನ ಆಕೆ ಡಬ್ಬಿಗಳನ್ನು ಹೊತ್ತು ಶಿವಮೊಗ್ಗದ ಬಸ್ಸು ಹತ್ತಿದಳು. ಒಂದು ಡಬ್ಬಿ ನನ್ನ ತೊಡೆಯ ಮೇಲೆ. ಇಳಿದವಳು ಗಿರಣಿ ಹುಡುಕಲಿಲ್ಲ, ನೇರವಾಗಿ ಬ್ಯಾಂಕಿಗೆ ನಡೆದಳು.

"ಇದೇನಮ್ಮ, ಇಷ್ಟು ದೂರ ಹೊತ್ಕೊಂಡು ಬಂದ್ರಿ?" ಎಂದಳು ಶ್ರೀಗೌರಿ.

"ನಿನ್ನೆ ಬೇರೆಯವ್ರ ಮಿಷನ್ನಾದ್ರೂ ಇತ್ತು ಮೇಡಂ. ಇವತ್ತು ಅದೂ ಇಲ್ಲ," ಎಂದಳು ಬಸವರಾಜೇಶ್ವರಿ. "ಅದನ್ನೂ ಬರ್ಕೊಳ್ಳಿ."