ಖಂಡೇಪೂಜೆಗೆ ಬಿಚ್ಚಿಟ್ಟ ಡಿಸ್ಕ್

ಕೋವಿಡ್ ಮುಗಿದ ಮರುವರ್ಷ ನಾನು ಇಂಡಿ ಪಟ್ಟಣದ ಒಂದು ಖಾಸಗಿ ಕಾಲೇಜಿನಲ್ಲಿ ಸಿಸ್ಟಂ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಸುತ್ತಲಿನ ತಾಲೂಕುಗಳ ಹಾಡುಗಾರ್ತಿಯರ ದನಿಯನ್ನು ಮುದ್ರಿಸಿ ಕಾಯ್ದಿಡುವ ಕೆಲಸವನ್ನು ಕಾಲೇಜು ಹಮ್ಮಿಕೊಂಡಿತ್ತು. ನನ್ನ ಕೈಯಲ್ಲಿ ಎಷ್ಟೋ ಸರ್ವರ್‌ಗಳು ಕೆಟ್ಟಿವೆ, ರಿಪೇರಿಯಾಗಿವೆ, ಮರೆತೂ ಹೋಗಿವೆ. ಗಂಗವ್ವನವರ ಹಾಡು ಹೋದದ್ದು ಮಾತ್ರ ಇಂದಿಗೂ ಮರೆತಿಲ್ಲ.

ಗಂಗವ್ವ ಯಂಕಂಚಿ ಎಂಬ ಹಳ್ಳಿಯವರು. ಬೀಸುಕಲ್ಲಿನ ಮುಂದೆ ಹಾಡುವ ಬೀಸುವ ಪದ ಹೇಳುವುದರಲ್ಲಿ ಎತ್ತಿದ ಕೈ. ಗಂಟಲಿನ ಕ್ಯಾನ್ಸರ್ ಆಗಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದು ಡಾಕ್ಟರು ಹೇಳಿದ್ದರು. ಸಿಂದಗಿಯಲ್ಲಿ ಶಿಕ್ಷಕಿಯಾಗಿದ್ದ ಮಗಳು ಮಹಾದೇವಿ ನಮ್ಮಲ್ಲಿಗೆ ಓಡಿ ಬಂದರು.

“ಅವ್ವನ ದನಿ ಒಂದ ಉಳಿಸಿ ಕೊಡ್ರಿ ಸರ್. ಆಪರೇಷನ್ ಆದ ಮ್ಯಾಲ ಕೇಳಾಕ ನಮಗ ಅದೊಂದ ಇರ್ತೈತಿ.”

ನಮ್ಮ ತಂಡ ಅವರ ಮನೆಗೇ ಹೋಗಿ, ಮಗಳನ್ನು ಗಂಡನ ಮನೆಗೆ ಕಳಿಸುವ ಉದ್ದನೆಯ ಹಾಡೊಂದನ್ನು ಮುದ್ರಿಸಿಕೊಂಡಿತು. ಆ ಮೆಮೊರಿ ಕಾರ್ಡ್ ನನ್ನ ಕೈಗೆ ಬಂದದ್ದು ಮಹಾನವಮಿಯ ದಿನ. ಅಷ್ಟರಲ್ಲಿ ಅವರ ಆಪರೇಷನ್ ಆಗಿಹೋಗಿತ್ತು.

ನಮ್ಮ ಕಡೆ ಅಂದು ಖಂಡೇಪೂಜೆ. ದುಡಿಯುವ ಸಾಮಾನಿಗೆಲ್ಲ ರಜೆ, ತೊಳೆದು ಒರೆಸಿ ಪೂಜೆ. ಹಳೆಯ ಸರ್ವರಿಗೂ ಪೂಜೆಯಾಗಬೇಕು, ಆದರೆ ವೆಬ್‌ಸೈಟ್ ನಿಲ್ಲಬಾರದು ಎಂದು ಪ್ರಿನ್ಸಿಪಾಲರ ಅಪ್ಪಣೆ. ಹಾಡುಗಳ ಸಂಗ್ರಹವೂ ಅದರ ವೆಬ್‌ಸೈಟೂ ನಡೆಯುತ್ತಿದ್ದದ್ದು ವರ್ಚುವಲ್ ಮಷೀನಿನಲ್ಲಿ, ಅಂದರೆ ಸರ್ವರಿನೊಳಗೆ ಸಾಫ್ಟ್‌ವೇರೇ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರಿನಲ್ಲಿ. ಅದನ್ನು ನಿಲ್ಲಿಸದೆಯೇ ಹೊಸ ಸರ್ವರಿಗೆ ಸಾಗಿಸಬಹುದು. ಇದಕ್ಕೆ ಲೈವ್ ಮೈಗ್ರೇಶನ್ ಎನ್ನುತ್ತಾರೆ. ಆದರೆ ಹಾಡುಗಳನ್ನು ತುಂಬಿಡಲು ಹಳೆಯದಕ್ಕೆ ಚುಚ್ಚಿದ ಯುಎಸ್‌ಬಿ ಡಿಸ್ಕ್ ಜೊತೆಗೆ ಹೋಗಲಾರದು. ಅದನ್ನು ಮೊದಲು ಬಿಡಿಸಬೇಕು, ಅದು ಹಾಟ್ ಅನ್‌ಪ್ಲಗ್. ಡಿಸ್ಕ್ ಬಿಡು ಎಂದು ನಾವು ಆದೇಶ ಕಳಿಸುತ್ತೇವೆ. ವರ್ಚುವಲ್ ಮಷೀನು ಬರೆಯುತ್ತಿದ್ದುದನ್ನು ಬರೆದು ಮುಗಿಸಿ, ಬಿಟ್ಟೆ ಎಂದು ಉತ್ತರಿಸುತ್ತದೆ. ಅಲ್ಲಿಯವರೆಗೆ ಕಾಯಬೇಕು.

ಕಾರ್ಡಿನಿಂದ ನಕಲು ಮಾಡಿದಾಗ ಹಾಡು ಡಿಸ್ಕಿಗೆ ಇಳಿದಿದೆ ಎಂದು ಪರದೆ ತೋರಿಸಿತು. ಇನ್ನೊಬ್ಬರ ಹಾಡು ಮುದ್ರಿಸಲು ಮುದ್ದೇಬಿಹಾಳಕ್ಕೆ ಹೊರಟಿದ್ದ ತಂಡ ಕಾರ್ಡನ್ನು ಮರಳಿ ಒಯ್ದಿತು. ಎರಡನೆಯ ಪ್ರತಿಯನ್ನು ಹೊಸ ಸರ್ವರಿನಲ್ಲಿ ಮಾಡುವುದೆಂದು ಮೊದಲೇ ಗೊತ್ತುಮಾಡಿದ್ದೆವು. ನಾನು ಡಿಸ್ಕ್ ಬಿಡುವ ಆದೇಶ ಕಳಿಸಿ, ಉತ್ತರಕ್ಕೆ ಕಾಯದೆ ಮೈಗ್ರೇಶನ್ ಆರಂಭಿಸಿ, ಹೊಸ ಸರ್ವರ್ ನೋಡಲು ಪಕ್ಕದ ಕೋಣೆಗೆ ಹೋದೆ. ಬಿಟ್ಟೆ ಎಂಬ ಉತ್ತರ ಇನ್ನೂ ಬಂದಿರಲಿಲ್ಲ. ಪರದೆ ಏನೇ ತೋರಿಸಿದ್ದರೂ ಅರ್ಧ ಹಾಡು ಇನ್ನೂ ಡಿಸ್ಕಿಗೆ ಇಳಿಯದೆ ಸರ್ವರಿನ ಮೆಮೊರಿಯಲ್ಲೇ ಇತ್ತು.

ಹೊಸ ಸರ್ವರಿನ ಪರದೆಯಲ್ಲಿ ಎರರ್ ಕಂಡು ಓಡಿ ಬಂದೆ. ಲ್ಯಾಬಿನ ಅಟೆಂಡರ್ ಮಲ್ಲಪ್ಪ ಆಗಲೇ ದೇವಿಯ ಪಟದ ಮುಂದೆ ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್ ಜೋಡಿಸಿದ್ದ. ನಡುವೆ ನಮ್ಮ ಡಿಸ್ಕ್. ಕುಂಕುಮ ಹಚ್ಚಿ, ಚೆಂಡು ಹೂವು ಏರಿಸಿದ್ದ.

“ಬಿಡಾಕ ಹೇಳೇತಿ ಅಂತ ಪರದೆ ಮ್ಯಾಲ ಬಂತ್ರಿ ಸರ್, ಅದಕ್ಕ ತಗದೇನಿ,” ಎಂದವನು ನನ್ನ ಮುಖ ನೋಡಿ ಗಾಬರಿಯಾದ. “ದೇವಿ ಮುಂದ ಇಟ್ಟಿದ್ದು ಕೆಡತೈತೇನ್ರಿ?”

ಪೂಜೆಯ ದಿನ ಯಾವ ಸಾಮಾನೂ ಹೊರಗುಳಿಯಬಾರದೆಂಬುದು ಅವನ ಭಕ್ತಿ. ಮುದ್ದೇಬಿಹಾಳಕ್ಕೆ ಹೋದ ತಂಡ ಫೋನಿಗೆ ಸಿಗುವಾಗ ಸಂಜೆಯಾಗಿತ್ತು, ಕಾರ್ಡಿನ ಮೇಲೆ ಆಗಲೇ ಬೇರೆ ಹಾಡು ಕೂತಿತ್ತು. ಗೊತ್ತಿದ್ದ ರಿಕವರಿ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಡಿಸ್ಕಿಗೆ ಇಳಿದಿದ್ದ ಅರ್ಧ ಹಾಡು ಮಾತ್ರ ಸಿಕ್ಕಿತು.

ದೀಪಾವಳಿಯ ನಂತರ ಮಹಾದೇವಿ ತಾಯಿಯೊಂದಿಗೆ ಬಂದರು. ಇಬ್ಬರನ್ನೂ ಕೂರಿಸಿ, ನಡೆದದ್ದನ್ನು ಹೇಳಿ, ಉಳಿದಷ್ಟನ್ನು ಕೇಳಿಸಿದೆ. ಕೊರಳಿಗೆ ಬಟ್ಟೆ ಸುತ್ತಿಕೊಂಡಿದ್ದ ಗಂಗವ್ವ ತಮ್ಮ ದನಿಗೆ ತಾವೇ ತಲೆದೂಗುತ್ತಿದ್ದರು. ಹಾಡಿನೊಳಗಿನ ಮಗಳು ಹೊಸ್ತಿಲು ದಾಟುವಲ್ಲಿಗೆ ಹಾಡು ನಿಂತಿತು. ಗಂಗವ್ವ ಮಹಾದೇವಿಯ ಮೊಣಕಾಲು ತಟ್ಟಿ, ಮುಂದೆ ನೀನು ಹೇಳು ಎಂದು ಕೈಸನ್ನೆ ಮಾಡಿದರು.

“ನನಗ ಬರೂದಿಲ್ಲ ಯವ್ವಾ,” ಮಹಾದೇವಿಯ ಕಣ್ಣು ತುಂಬಿತು. “ನೀ ಇದ್ದಿ ಅಂತ ಕಲೀಲೇ ಇಲ್ಲ.”

ಬಿಡು ಎಂದು ಹೇಳಿದ ಮಾತ್ರಕ್ಕೆ ಯಂತ್ರ ಬಿಟ್ಟಿರುವುದಿಲ್ಲ, ಅದರ ಉತ್ತರ ಬರಬೇಕು ಎಂಬುದನ್ನು ಈ ಕೆಲಸ ನನಗೆ ಕಲಿಸಿತು. ಈಗ ಎರಡು ಪ್ರತಿಯಾಗಿ, ಎರಡನ್ನೂ ಕೊನೆಯವರೆಗೆ ಕೇಳದೆ ಯಾವ ಕಾರ್ಡನ್ನೂ ಕೈಬಿಡುವುದಿಲ್ಲ. ಆಮೇಲೆ ಬಂದ ಹಾಡುಗಳೆಲ್ಲ ಇಡಿಯಾಗಿ ಉಳಿದಿವೆ. ಗಂಗವ್ವನವರದು ಮಾತ್ರ ಹೊಸ್ತಿಲಲ್ಲೇ ನಿಂತಿದೆ.